ಬೇಡ ಅಂದ್ರೆ ಬೇಡ ಅಲ್ವಾ? ಒಂದು ಲೋಟ ಕಾಫಿಯ ತಕರಾರು

ತಟ್ಟೆಇಡ್ಲಿ

ಒಂದು ಮನೆ ಜಗಳ ಇಲ್ಲಿ ತಂದು ಹಾಕುತ್ತಿದ್ದೇನೆ. ನೀವೇ ನ್ಯಾಯ ಹೇಳಿ.

ತಂಗಿ ಮದುವೆಯಾಗಿ ಐದು ತಿಂಗಳು. ಕೊಟ್ಟಿರುವುದು ಬಾಗಲಕೋಟೆ ಕಡೆಗೆ. ನಾವು ತುಮಕೂರಿನವರು, ಈಗ ಇರುವುದು ಬೆಂಗಳೂರಲ್ಲಿ. ಹೋದ ತಿಂಗಳು ಬೀಗರು, ಬೀಗತಿ ಇಬ್ಬರೂ ಯಾವುದೋ ಮದುವೆಗೆ ಅಂತ ಇಲ್ಲಿಗೆ ಬಂದವರು, ಫೋನ್ ಕೂಡ ಮಾಡದೆ ಬೆಳಗ್ಗೆ ಹನ್ನೊಂದಕ್ಕೆ ಮನೆಗೇ ಬಂದರು. ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದರು. ಅಪ್ಪ ತೀರಿಕೊಂಡು ಆರು ವರ್ಷ. ಮನೆಯಲ್ಲಿ ನಾನೊಬ್ಬನೇ, ವರ್ಕ್ ಫ್ರಮ್ ಹೋಮ್ ನಡೀತಿತ್ತು.

ಕೂರಿಸಿದೆ. ಫ್ಯಾನ್ ಹಾಕಿದೆ. "ಕಾಫಿ ಮಾಡ್ಲಾ?" ಅಂತ ಕೇಳಿದೆ. "ಏ ಬ್ಯಾಡ್ರಿ, ಬ್ಯಾಡ್ರಿ. ಈಗಷ್ಟ ಚಾ ಆತು" ಅಂದರು. ಸರಿ ಅಂತ ನಾನೂ ಕೂತೆ. ಮುಕ್ಕಾಲು ಗಂಟೆ ಮಾತಾಡಿದೆವು. ಮಳೆ, ಟ್ರಾಫಿಕ್, ಮೆಟ್ರೋ. ಆಮೇಲೆ ಎದ್ದು ಹೊರಟರು. ನಗುನಗುತ್ತಲೇ ಹೋದರು.

ವಾರ ಬಿಟ್ಟು ತಂಗಿ ಫೋನು. "ಅಣ್ಣ, ಅತ್ತೆ ಮಾವ ಬಂದಾಗ ಒಂದು ಲೋಟ ನೀರೂ ಕೊಡಲಿಲ್ವಂತೆ?" ಅವತ್ತಿಂದ ಅಮ್ಮ ನನ್ನ ಜೊತೆ ಬರೀ ಹೂಂ, ಉಹೂಂ ಅಷ್ಟೇ. ನಾನು ಕೇಳಿದೆ, ಅವರು ಬೇಡ ಅಂದರು. ಇದರಲ್ಲಿ ನನ್ನ ತಪ್ಪೇನು? ಬೇಡ ಅಂದ್ರೆ ಬೇಡ ಅಲ್ವಾ?

ಕೆರೆಏರಿ

ಕೇಳಿದ್ದೇ ತಪ್ಪು. ನೀರು ಕೇಳಿ ಕೊಡುವುದಲ್ಲ, ಕೊಟ್ಟು ಕೇಳುವುದು. ಬಂದವರು ಚಪ್ಪಲಿ ಬಿಡುವಷ್ಟರಲ್ಲಿ ನೀರಿನ ಲೋಟ ಎದುರಿಗಿರಬೇಕು. "ಮಾಡ್ಲಾ?" ಅಂದರೆ "ಬೇಕಾ ನಿಮಗೆ?" ಅಂದ ಹಾಗೆ. ಬೇಕು ಅಂತ ಯಾರಾದರೂ ಬಾಯಿಬಿಟ್ಟು ಹೇಳುತ್ತಾರಾ? ಅದರಲ್ಲೂ ಬೀಗರು!

ತಟ್ಟೆಇಡ್ಲಿ

ಆಫೀಸಲ್ಲಿ ಕೇಳಿಯೇ ಕೊಡುತ್ತಾರೆ. ಅಭ್ಯಾಸ.

ಕೆರೆಏರಿ

ಆಫೀಸಿನವರು ನಿಮ್ಮ ತಂಗಿಯ ಅತ್ತೆ ಅಲ್ಲವಲ್ಲ.

ಜೋಳದರೊಟ್ಟಿ

ನಾನು ಅದೇ ಸೀಮೆಯವನು. ಬೀಗರ ಪರವಾಗಿ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಕಡೆ ಎರಡು ಮಾತಿವೆ. "ಬ್ಯಾಡ" ಒಂದು, "ಒಲ್ಲೆ" ಇನ್ನೊಂದು. ಒಲ್ಲೆ ಅಂದರೆ ನಾನು ಒಲ್ಲೆ. ಅವನು ಒಲ್ಲ, ಅವಳು ಒಲ್ಲಳು, ನಾವು ಒಲ್ಲೆವು. ಯಾರಿಗೆ ಮನಸ್ಸಿಲ್ಲ ಅನ್ನುವುದು ಆ ಮಾತಿನ ಬಾಲದಲ್ಲೇ ಇದೆ. ಬೇಡಕ್ಕೆ ಆ ಬಾಲವೇ ಇಲ್ಲ. ನನಗೆ ಕಾಫಿ ಬೇಡವೋ, ನಿಮಗೆ ತೊಂದರೆ ಬೇಡವೋ, ಕೇಳಿಸಿಕೊಂಡವರೇ ತಿಳಿದುಕೊಳ್ಳಬೇಕು. ನಿಮ್ಮ ಬೀಗರು ಹೇಳಿದ್ದು ಎರಡನೆಯದು. "ಒಬ್ಬನೇ ಇದ್ದೀ, ಕೆಲಸ ಬ್ಯಾರೆ ನಡದೈತಿ, ಯಾಕ ತ್ರಾಸ ಮಾಡ್ಕೋತಿ" ಅಂತ. ನೀವು ಕೇಳಿಸಿಕೊಂಡದ್ದು ಮೊದಲನೆಯದು.

ನಮ್ಮವ್ವ "ಒಲ್ಲೆ" ಅಂದಳೋ ಮುಗೀತು, ಒತ್ತಾಯ ಮಾಡಿದರೆ ಸಿಟ್ಟಾಗುತ್ತಾಳೆ. "ಬ್ಯಾಡ" ಅಂದರೆ ಅದು ಮಾತಿನ ಶುರು ಅಷ್ಟೇ. ಮೂರು ಸಲ ಆಗಬೇಕು. ಮೊದಲ ಬ್ಯಾಡ ಮರ್ಯಾದೆಗೆ. ಎರಡನೆಯದು ನೀವು ನಿಜವಾಗಿ ಕರೀತಿದ್ದೀರೋ, ಶಾಸ್ತ್ರಕ್ಕೆ ಕೇಳ್ತಿದ್ದೀರೋ ಅಂತ ನೋಡೋಕೆ. ಮೂರನೆಯದಕ್ಕೆ "ಹಂಗಾರ ಅರ್ಧ ಕಪ್ ಮಾಡ್ರಿ" ಅಂತ ಬರುತ್ತದೆ. ಅರ್ಧ ಕಪ್ ಅಂದದ್ದಕ್ಕೆ ಅರ್ಧ ಕಪ್ಪೇ ಕೊಟ್ಟುಬಿಟ್ಟೀರಿ ಮತ್ತೆ!

ಇನ್ನು "ಈಗಷ್ಟ ಚಾ ಆತು" ಅಂದದ್ದು ಬೆಳಗಿನ ಆರರ ಚಹಾ ಇರಬಹುದು. ಸುಳ್ಳಲ್ಲ.

ಬೈಟು

ದೇಶದ ಕಾಫಿಯಲ್ಲಿ ನೂರಕ್ಕೆ 70 ಪಾಲು ಬೆಳೆಯುವ ರಾಜ್ಯದಲ್ಲಿ ಕೂತು ಒಂದು ಲೋಟ ಕಾಫಿಗೆ ಇಷ್ಟು ದೊಡ್ಡ ವ್ಯಾಜ್ಯ. ಬಾಬಾ ಬುಡನ್ ನೋಡಿದ್ದರೆ ಬೀಜ ವಾಪಸ್ ತಗೊಂಡು ಹೋಗುತ್ತಿದ್ದರು.

ಸಕ್ಕರೆಇಲ್ಲ

ನನ್ನ ಕಷ್ಟ ಇದರ ಉಲ್ಟಾ. ಹದಿನಾಲ್ಕು ವರ್ಷದಿಂದ ಶುಗರ್ ಇದೆ. ನನ್ನ ಬೇಡ ನಿಜವಾದ ಬೇಡ. ಯಾರೂ ನಂಬುವುದಿಲ್ಲ. "ಸ್ವಲ್ಪ ತಗೊಳ್ಳಿ, ಒಂದು ದಿನಕ್ಕೆ ಏನಾಗಲ್ಲ." ನನಗೆ ಎಲ್ಲರ ಮನೆಯಲ್ಲೂ ಅದೇ ಒಂದು ದಿನ.

ಮೊದಮೊದಲು ಕಾಯಿಲೆ ವಿಷಯ ಹೇಳುತ್ತಿದ್ದೆ. ಅದು ಇನ್ನೂ ದೊಡ್ಡ ತಪ್ಪು. ಮೆಂತ್ಯ, ಹಾಗಲಕಾಯಿ, ನೇರಳೆ ಬೀಜ, ಅವರ ಷಡ್ಡಕನಿಗೆ ವಾಸಿಯಾದದ್ದು, ಎಲ್ಲ ಕೇಳಬೇಕು. ಆಮೇಲೆ ನನ್ನ ಹೆಂಡತಿ ಒಂದು ಉಪಾಯ ಹೇಳಿಕೊಟ್ಟಳು. ಬೇಡ ಅನ್ನಲೇಬೇಡಿ, ಬೇರೆ ಏನಾದರೂ ಕೇಳಿ ಅಂತ. ಈಗ ಬಾಗಿಲಲ್ಲೇ ಹೇಳುತ್ತೇನೆ, "ಅಕ್ಕ, ಒಂದು ದೊಡ್ಡ ಲೋಟ ನೀರು ಮಜ್ಜಿಗೆ ಕೊಡ್ತೀರಾ? ಉಪ್ಪು ಮುಂದಾಗಿರಲಿ." ಅಷ್ಟೇ. ಅವರ ಮುಖ ಅರಳುತ್ತದೆ. ಕರಿಬೇವು ಹಾಕುತ್ತಾರೆ, ಇಂಗು ಹಾಕುತ್ತಾರೆ, ಇನ್ನೊಂದು ಲೋಟ ತರುತ್ತಾರೆ. ಕಾಫಿ ಅಲ್ಲ ಮುಖ್ಯ. ಬಂದವರಿಗೆ ಏನಾದರೂ ಮಾಡಿ ಕೊಟ್ಟೆ ಅನ್ನುವುದು ಅವರಿಗೆ ಬೇಕು.

ಅಡಿಕೆಸಿಪ್ಪೆ

ಸಿರಸಿ ಕಡೆ ಈ ರಗಳೆಯೇ ಇಲ್ಲ. ಬಂದವರ ಮುಂದೆ ಮೊದಲು ನೀರು ಬೆಲ್ಲ ಬರುತ್ತದೆ. ಆಮೇಲೆ "ಆಸರಿಗೆ ಎಂತ?" ಅಂತ ಕೇಳುತ್ತಾರೆ. ಚಾವೋ, ಕಾಫಿಯೋ, ಕಷಾಯವೋ, ಎಳನೀರೋ. ಬೇಕಾ ಅಂತ ಕೇಳಿದರೆ ತಾನೇ ಬೇಡ ಅನ್ನುವುದು? ಯಾವುದು ಅಂತ ಕೇಳಿದರೆ ಬೇಡ ಅನ್ನುವುದಕ್ಕೆ ಜಾಗವೇ ಇಲ್ಲ. ಇದನ್ನು ಕಂಡುಹಿಡಿದ ಅಜ್ಜಿ ಯಾರೋ, ಬಹಳ ಚುರುಕು.

ಕುಡಿದು ಮುಗಿದರೂ ಎದ್ದು ಹೋಗುವ ಹಾಗಿಲ್ಲ, ಕವಳದ ತಟ್ಟೆ ಬರುತ್ತದೆ. ಎಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚುವುದಕ್ಕೆ ಎರಡು ನಿಮಿಷ ಬೇಕು. ಕೈಗೆ ಕೆಲಸ, ಕಣ್ಣು ಕೆಳಗೆ. ಹೇಳಲು ಸಂಕೋಚ ಪಡುವ ಮಾತೆಲ್ಲ ಆ ಎರಡು ನಿಮಿಷದಲ್ಲೇ ಹೊರಗೆ ಬರುವುದು. ಸಂಬಂಧದ ಮಾತು, ಸಾಲದ ಮಾತು, ಪಾಲಿನ ಮಾತು. ಎದುರಿಗೆ ಕೂತು ಮುಖ ನೋಡಿ ಹೇಳುವುದು ಕಷ್ಟ ಅಲ್ವಾ.

ಬಡಿಸುವವ

ಇಲ್ಲಿ ಎಲ್ಲರೂ ಬಾಯಿಯ ಮಾತು ಹಿಡಿದುಕೊಂಡು ಕೂತಿದ್ದೀರಿ. ನಾನು ಹದಿನೆಂಟು ವರ್ಷ ಮದುವೆ ಮನೆಗಳಲ್ಲಿ ಬಡಿಸಿದವನು. ಪಂಕ್ತಿಯಲ್ಲಿ ಎಲ್ಲರೂ ಬೇಡ ಅನ್ನುತ್ತಾರೆ. ಎಲ್ಲರೂ. ನಾವು ಬಾಯಿ ನೋಡುವುದಿಲ್ಲ, ಕೈ ನೋಡುತ್ತೇವೆ.

ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು, ಮೈಯನ್ನೂ ಮುಂದೆ ಬಗ್ಗಿಸಿದರೆ ಅದು ನಿಜವಾದ ಬೇಡ. ಮುಂದಕ್ಕೆ ಹೋಗಬೇಕು. ಒಂದೇ ಕೈ ಎತ್ತಿ, ಬೆರಳು ಬಿಡಿಸಿ, ಮುಖ ಮೇಲೆತ್ತಿ ನಗುತ್ತಾ "ಬೇಡ ಬೇಡ" ಅಂದರೆ ಆ ಬೆರಳ ಸಂದಿಯಲ್ಲೇ ಹೋಳಿಗೆ ಜಾರಿಸಬಹುದು. ಇನ್ನು ಕೆಲವರು ಬಾಯಲ್ಲಿ ಬೇಡ ಅನ್ನುತ್ತಾ ಎಡಗೈ ತುದಿಯಲ್ಲಿ ಎಲೆಯನ್ನು ಸ್ವಲ್ಪ ಈಚೆಗೆ ಎಳೆದುಕೊಳ್ಳುತ್ತಾರೆ. ಅವರಿಗೆ ಎರಡು ಹಾಕಬೇಕು. ಪಲ್ಯವನ್ನು ಪಕ್ಕಕ್ಕೆ ಸರಿಸಿ ನಡುವೆ ಜಾಗ ಮಾಡಿಟ್ಟು "ಅಯ್ಯೋ ಸಾಕಪ್ಪ" ಅನ್ನುವವರೂ ಇದ್ದಾರೆ.

ಅನುಮಾನ ಬಂದರೆ ಒಂದು ಪರೀಕ್ಷೆ ಇದೆ. ಅವರನ್ನು ಬಿಟ್ಟು ಪಕ್ಕದ ಎಲೆಗೆ ಹಾಕಿ ಎರಡು ಹೆಜ್ಜೆ ಮುಂದೆ ಹೋಗುವುದು. ಆಮೇಲೆ ಓರೆಗಣ್ಣಲ್ಲಿ ನೋಡಬೇಕು. ಕತ್ತು ನಮ್ಮ ಕಡೆ ತಿರುಗಿದರೆ ವಾಪಸ್ ಬರಬೇಕು. ಊಟದಲ್ಲೇ ಮುಳುಗಿದ್ದರೆ ಬಿಡಬೇಕು. ಹೊಸ ಹುಡುಗರು ಬಂದಾಗ ನಾವು ಮೊದಲು ಕಲಿಸುವುದು ಇದನ್ನೇ. ಸಾರು ಚೆಲ್ಲದ ಹಾಗೆ ಹಾಕುವುದು ಆಮೇಲೆ.

ಮತ್ತೆ, ಗಂಡಿನ ಕಡೆಯ ಪಂಕ್ತಿಗೆ ಮನೆ ಯಜಮಾನ ಉಪಚಾರಕ್ಕೆ ಬರದಿದ್ದರೆ ನಾವು ಎಷ್ಟು ಚೆನ್ನಾಗಿ ಬಡಿಸಿದರೂ ಅಷ್ಟೇ. "ಊಟ ಪರವಾಗಿಲ್ಲ" ಅಂತಾರೆ. ಯಜಮಾನ ಒಂದು ಸಲ ಕೈಮುಗಿದುಕೊಂಡು ಸಾಲಿನ ಉದ್ದಕ್ಕೂ ನಡೆದು "ನಿಧಾನವಾಗಿ ಊಟ ಮಾಡಿ" ಅಂದರೆ ಉಪ್ಪಿಲ್ಲದ ಸಾಂಬಾರೂ ರುಚಿ.

ಬೈಟು

ಎಲೆ ಈಚೆಗೆ ಎಳೆದುಕೊಳ್ಳುವವನು ನಾನೇ. ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ.

ರೈನ್‌ದಂಡೆ

ಜರ್ಮನಿಯಿಂದ. ಬಂದ ಹೊಸತರಲ್ಲಿ ಜೊತೆ ಕೆಲಸ ಮಾಡುವವರೊಬ್ಬರು ಭಾನುವಾರ ಮಧ್ಯಾಹ್ನ ಮನೆಗೆ ಕರೆದಿದ್ದರು. ಕಾಫಿ ಜೊತೆ ಸೇಬಿನ ಕೇಕು. ಒಂದು ತುಂಡು ಆಯಿತು. ಇನ್ನೊಂದು ಹಾಕಲಾ ಅಂದರು. ಬೇಕಿತ್ತು. ಬೇಡ ಅನ್ನದೆ, ಜಾಣತನದಿಂದ ನಗುತ್ತಾ "ಡಾಂಕೆ" ಅಂದೆ. ಥ್ಯಾಂಕ್ಸ್ ಅಂದ ಹಾಗೆ ಆಯಿತಲ್ಲ ಅಂತ. ಕೇಕಿನ ತಟ್ಟೆ ಸೀದಾ ಪಕ್ಕದವರ ಹತ್ತಿರ ಹೋಯಿತು. ಕಾಫಿ ವಿಷಯದಲ್ಲೂ ಹಾಗೇ ಆಯಿತು. ಇಲ್ಲಿ ಏನಾದರೂ ಕೊಡಲು ಬಂದಾಗ ಬರೀ "ಡಾಂಕೆ" ಅಂದರೆ ಬೇಡ ಅಂತ ಅರ್ಥ, ಬೇಕು ಅನ್ನುವುದಕ್ಕೆ "ಬಿಟ್ಟೆ" ಅನ್ನಬೇಕು ಅಂತ ಗೊತ್ತಾಗಿದ್ದು ಆಮೇಲೆ. ಬಿಟ್ಟೆ ಅಂದರೆ ಸಿಗುತ್ತದೆ! ಕನ್ನಡದವನಿಗೆ ಇದಕ್ಕಿಂತ ದೊಡ್ಡ ಮೋಸ ಉಂಟಾ.

ಆದರೆ ಒಂದು ಹೇಳುತ್ತೇನೆ. ಒಂಬತ್ತು ವರ್ಷ ಆದ ಮೇಲೆ ಇದೇ ಹಿತ ಅನಿಸುತ್ತಿದೆ. ಬೇಡ ಅಂದರೆ ಬಿಡುತ್ತಾರೆ. ಊರಿಗೆ ಬಂದಾಗ ಮೂರು ಮನೆಯಲ್ಲಿ ಊಟ ಮಾಡಿ ನಾಲ್ಕನೇ ಮನೆಯ ಮುಂದೆ ನಿಂತಾಗ ಡಾಂಕೆ ಅಂದುಬಿಡೋಣ ಅನಿಸುತ್ತದೆ.

ಸರಸ್ವತಿಪುರ

ಮೈಸೂರಲ್ಲಿ ಓದುವಾಗ ನನ್ನ ರೂಮಿನ ಪಕ್ಕ ಇರಾನಿನ ಹುಡುಗ ಇದ್ದ. ಅವರಲ್ಲಿ ಇದಕ್ಕೆ ಒಂದು ಹೆಸರೇ ಇದೆ, ತಾರೋಫ್. ದುಡ್ಡು ಎಷ್ಟು ಅಂತ ನಾವು ಕೇಳಿದರೆ ಅಂಗಡಿಯವನೂ "ಘಾಬೆಲ್ ನದಾರೆ", ಏನು ಮಹಾ ಬಿಡಿ, ಅನ್ನುತ್ತಾನಂತೆ. ಹಾಗಂತ ಸುಮ್ನೆ ಹೊರಟರೆ ಕತ್ತಿನ ಪಟ್ಟಿ ಹಿಡೀತಾನೆ. ಎರಡು ಮೂರು ಸಲ ಒತ್ತಾಯ ಮಾಡಿ ಕೊಡಬೇಕು. ನಮ್ಮ ಮೆಸ್ಸಿನ ಅಜ್ಜಿ ಅವನಿಗೆ "ಇನ್ನೊಂದು ಮುದ್ದೆ?" ಅಂದರೆ ಇವನು ಬೇಡ ಅನ್ನುವುದು, ಅಜ್ಜಿ ಹಾಕುವುದು. ಆಮೇಲೆ ಒಬ್ಬರಿಗೊಬ್ಬರು ನಗುವುದು. ಭಾಷೆ ಬರದಿದ್ದರೂ ಅವರಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಹೆಸರುಬೇಡ

ನೀವೆಲ್ಲ ಸಂಕೋಚದ ಬೇಡದ ಬಗ್ಗೆ ಬರೀತಿದ್ದೀರಿ. ನಾನು ಇನ್ನೊಂದು ಬೇಡ ನೋಡಿ ಬೆಳೆದವನು.

ಅಪ್ಪ ಸರ್ಕಾರಿ ಶಾಲೆ ಮೇಷ್ಟ್ರು. ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರು ನಮ್ಮ ಮನೆಗೆ ಬರುತ್ತಿದ್ದರು. ಒಳ್ಳೆಯವರೇ. ನನಗೆ ಲೆಕ್ಕ ಹೇಳಿಕೊಟ್ಟವರು. ಜಗಲಿ ಮೇಲೆ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವ್ವ ಪ್ರತಿ ಸಲ ಕಾಫಿ ತರುತ್ತಿದ್ದಳು. "ಈಗ ತಾನೇ ಕುಡಿದು ಬಂದೆ ಕಣಮ್ಮ." ಹನ್ನೆರಡು ವರ್ಷ ಅವರು ಈಗ ತಾನೇ ಕುಡಿದೇ ಬಂದರು. ಅವ್ವ ಅವರಿಗೇ ಅಂತ ಒಂದು ಹೊಸ ಸ್ಟೀಲ್ ಲೋಟ ತಂದಿಟ್ಟಿದ್ದಳು. ನಾವು ಯಾರೂ ಅದರಲ್ಲಿ ಕುಡಿದಿಲ್ಲ, ಅವರಿಗೆ ಗೊತ್ತಾಗಲಿ ಅಂತ ಅದರ ಮೇಲಿನ ಕಂಪನಿ ಸ್ಟಿಕರ್ ಕೂಡ ಕಿತ್ತಿರಲಿಲ್ಲ. ಆ ಸ್ಟಿಕರ್ ಕೊನೆವರೆಗೂ ಹೋಗಲಿಲ್ಲ.

ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರೆ ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ ಹೇಳಿ ಕೇಳಬಹುದು. "ಈಗ ತಾನೇ ಕುಡಿದು ಬಂದೆ" ಅನ್ನುವುದನ್ನು ಯಾವ ಕಾನೂನು ಹಿಡಿಯುತ್ತದೆ?

ಅವ್ವ ಇವತ್ತಿಗೂ ಯಾರಾದರೂ ಬೇಡ ಅಂದರೆ ಎರಡನೇ ಸಲ ಕೇಳುವುದಿಲ್ಲ. ನನ್ನ ಹೆಂಡತಿ ಕಡೆಯವರು ಮೊದಲು ಅದನ್ನು ಬಿಂಕ ಅಂದುಕೊಂಡಿದ್ದರು.

ಮೇಲಿನಕೇರಿ

ಈಗೆಲ್ಲ ಅದು ಎಲ್ಲಿದೆ? ಇಲ್ಲಿ ಅದನ್ನು ಯಾಕೆ ತರಬೇಕು. ಆ ಮೇಷ್ಟ್ರು ನಿಜವಾಗಿಯೂ ಕುಡಿದು ಬಂದಿರಬಹುದು.

ಹೆಸರುಬೇಡ

ಇರಬಹುದು. ಹನ್ನೆರಡು ವರ್ಷ.

ಕೆರೆಏರಿ

ನಾನು ಮೇಲೆ "ಕೇಳಿದ್ದೇ ತಪ್ಪು" ಅಂತ ಜೋರಾಗಿ ಬರೆದಿದ್ದೆ. ಅದು ನಮ್ಮ ಮನೆಯ ಮಾತು ಅಷ್ಟೇ. ಎಲ್ಲ ಮನೆಗೂ ಹೊಂದುವುದಿಲ್ಲ. ತಿದ್ದಿಕೊಂಡಿದ್ದೇನೆ.

ಹಿತ್ತಲಬಾಗಿಲು

ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಯಾರೂ ಬರೆದಿಲ್ಲ.

ನಾವು ಚಿಕ್ಕವರಿದ್ದಾಗ ತಿಂಗಳ ಕೊನೆಯಲ್ಲಿ ಯಾರಾದರೂ ಬಂದರೆ ಅಮ್ಮ ನನ್ನನ್ನು ಕಣ್ಣಲ್ಲೇ ಕರೆಯುತ್ತಿದ್ದಳು. ಸೆರಗಿನ ಕೆಳಗೆ ಲೋಟ ಕೊಟ್ಟು ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಕಳಿಸುತ್ತಿದ್ದಳು, ಸಕ್ಕರೆಗೆ ಅಥವಾ ಹಾಲಿಗೆ. ನನ್ನ ದೊಡ್ಡತ್ತೆ ಒಬ್ಬರಿದ್ದರು. ಅವರು ಬಂದಾಗ ಅಡುಗೆಮನೆ ಕಡೆ ಕಿವಿ ಇಟ್ಟಿರುತ್ತಿದ್ದರು. ಹಿತ್ತಲ ಅಗುಳಿ ತೆಗೆದ ಸದ್ದು ಕೇಳಿದರೆ ಸಾಕು. "ಏ ಪುಟ್ಟಿ, ಎಲ್ಲಿಗೆ ಹೊರಟೆ, ಬಾ ಇಲ್ಲಿ. ಅತ್ತಿಗೆ, ಕಾಫಿ ಬೇಡ, ನಂಗೆ ಯಾಕೋ ಹೊಟ್ಟೆ ಸರಿ ಇಲ್ಲ. ಒಂದು ಚೂರು ಜೀರಿಗೆ ನೀರು ಕೊಡಿ." ಅವರ ಹೊಟ್ಟೆ ತಿಂಗಳ ಕೊನೆಯಲ್ಲಿ ಮಾತ್ರ ಕೆಡುತ್ತಿತ್ತು. ಅಮ್ಮನಿಗೂ ಗೊತ್ತು, ಅವರಿಗೂ ಗೊತ್ತು. ಒಬ್ಬರೂ ಒಂದು ದಿನ ಬಾಯಿಬಿಡಲಿಲ್ಲ.

ಅವರು ಹೋದ ಮೇಲೆ ಅಮ್ಮ ಜೀರಿಗೆ ಡಬ್ಬಿ ಮುಚ್ಚುತ್ತಾ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿದ್ದಳು.

ಸಿಂಕ್‌ಪಕ್ಕ

ಎಲ್ಲ ಓದಿದೆ, ಚೆನ್ನಾಗಿದೆ. ಒಂದು ಪ್ರಶ್ನೆ. "ಬೇಡ ಅಂದರೂ ಮಾಡಬೇಕು, ಮೂರು ಸಲ ಕೇಳಬೇಕು" ಅಂತಿದ್ದೀರಲ್ಲ, ಮಾಡುವವರು ಯಾರು? ಮಾವ ಹಾಲಲ್ಲಿ ಕೂತು "ಹಾಗೆಲ್ಲ ಹೋಗೋ ಹಾಗಿಲ್ಲ, ಕಾಫಿ ಕುಡಿದೇ ಹೋಗಬೇಕು" ಅಂತ ಉಪಚಾರ ಮಾಡುತ್ತಾರೆ. ಆಗ ತಾನೇ ಪಾತ್ರೆ ತೊಳೆದು ಮುಗಿಸಿದ ನಾನು ಮತ್ತೆ ಹಾಲಿನ ಪಾತ್ರೆ ಇಡಬೇಕು. ಒತ್ತಾಯದ ಪುಣ್ಯ ಅವರಿಗೆ, ತಳ ಹಿಡಿದ ಪಾತ್ರೆ ನನಗೆ.

ಬಂದವರಲ್ಲಿ ಹೆಂಗಸರಿದ್ದರೆ ನನ್ನ ಮುಖ ನೋಡಿ ಬೇಡ ಅನ್ನುತ್ತಾರೆ. ಗಂಡಸರು ಮಾವನ ಮುಖ ನೋಡಿ "ಆಯ್ತು ಬಿಡಿ" ಅನ್ನುತ್ತಾರೆ. ತಟ್ಟೆಇಡ್ಲಿಯವರೇ, ನೀವು ಒಬ್ಬರೇ ಇದ್ದಾಗ ನಿಮ್ಮ ಬೀಗತಿ ಬೇಡ ಅಂದರಲ್ಲ, ಅದು ಅದೇ ಇರಬೇಕು. ಗಂಡು ಹುಡುಗ, ಗ್ಯಾಸ್ ಹಚ್ಚೋಕೆ ಬರುತ್ತೋ ಇಲ್ಲವೋ ಅಂತ.

ತಟ್ಟೆಇಡ್ಲಿ

ಬರುತ್ತೆ! ಫಿಲ್ಟರ್ ಕಾಫಿ ನಾನೇ ಹಾಕೋದು ದಿನಾ!

ಸಿಂಕ್‌ಪಕ್ಕ

ಹಾಗಾದರೆ ಎದ್ದು ಹೋಗಿ ಹಾಕಬೇಕಿತ್ತು.

ಬೈಟು

ವಿಷಯ ಸ್ವಲ್ಪ ಪಕ್ಕಕ್ಕೆ. "ಒಂದ್ಸಲ ಮನೆಗೆ ಬನ್ನಿ" ಅನ್ನುತ್ತಾರಲ್ಲ, ಅದನ್ನು ಹೇಗೆ ನಂಬೋದು?

ಅಡಿಕೆಸಿಪ್ಪೆ

ವಾರ ಹೇಳಿದರೆ ನಿಜ. "ಬರೋ ಭಾನುವಾರ ಬನ್ನಿ" ಅಂದರೆ ಅಡುಗೆ ಆಗಿರುತ್ತದೆ. "ಬನ್ನಿ ಒಂದ್ಸಲ" ಅಂದರೆ ಬಾಯುಪಚಾರ.

ಜೋಳದರೊಟ್ಟಿ

ತಟ್ಟೆಇಡ್ಲಿ ಅವರೇ, ಇಲ್ಲಿ ನ್ಯಾಯ ಕೇಳಿ ಪ್ರಯೋಜನ ಇಲ್ಲ. ಫೋನಲ್ಲಿ ಸಾರಿ ಕೇಳಲೂ ಹೋಗಬೇಡಿ. ಕೇಳಿದರೆ ಅವರು "ಏ, ಅದರಾಗೇನೈತ್ರಿ" ಅನ್ನುತ್ತಾರೆ, ಅಲ್ಲಿಗೆ ಗಂಟು ಹಾಗೇ ಉಳಿಯುತ್ತದೆ. ಅಮ್ಮನನ್ನು ಕರಕೊಂಡು ಒಂದು ಸಲ ಹೋಗಿ ಬನ್ನಿ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳೀಬಹುದು. ಹೋಗಿ ಅವರ ಮನೆಯಲ್ಲಿ ಹೊಟ್ಟೆ ತುಂಬಾ ಉಣ್ಣಿ. ಕೊಟ್ಟದ್ದಕ್ಕೆಲ್ಲ ಹೂಂ ಅನ್ನಿ.

ತಟ್ಟೆಇಡ್ಲಿ

ಹೋಗಿ ಬಂದೆವು. ಹೇಳುತ್ತೇನೆ.

ಒಳಗೆ ಕಾಲಿಟ್ಟ ಕೂಡಲೇ ತಂಬಿಗೆ ನೀರು. ಕೂತ ಕೂಡಲೇ ಚಹಾ. ಯಾರೂ ಏನೂ ಕೇಳಲಿಲ್ಲ. ಎರಡನೇ ಚಹಾ ಬಂದಾಗ ಅಭ್ಯಾಸ ಬಲದಿಂದ ಬೇಡ ಅಂದೆ. ಬೀಗತಿ ನನ್ನ ಮುಖವನ್ನೇ ನೋಡಲಿಲ್ಲ, ಲೋಟ ಇಟ್ಟು ಹೋದರು.

ಊಟಕ್ಕೆ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾಲ್ಕನೇ ರೊಟ್ಟಿಗೆ ನಾನು ಕೈ ಅಡ್ಡ ಹಿಡಿದೆ. ಹಿಡಿದ ಮೇಲೆ ನೋಡಿಕೊಂಡೆ, ಬೆರಳು ಬಿಡಿಸಿಯೇ ಇದ್ದವು. ಬಡಿಸುವವ ಅವರೇ, ನಿಮ್ಮ ನೆನಪಾಗಿ ನಗು ಬಂತು. ರೊಟ್ಟಿ ತಟ್ಟೆಗೆ ಬಿತ್ತು.

ಊಟ ಆದ ಮೇಲೆ ಬೀಗರು ನನ್ನನ್ನು ಹೊರಗೆ ಕಟ್ಟೆ ಮೇಲೆ ಕರಕೊಂಡು ಹೋದರು. ಎಲೆ ಅಡಿಕೆ ತಟ್ಟೆ ಮುಂದಿಟ್ಟು, ಎಲೆ ಒರೆಸುತ್ತಾ, ತಲೆ ಎತ್ತದೆ ಹೇಳಿದರು. "ಅವತ್ತ ನಿಮ್ಮನಿಗೆ ಒಂದ್ ಮಾತ್ ಕೇಳಬೇಕಂತ ಬಂದಿದ್ವಿ. ಚಾ ಕುಡಕೋತ ತೆಗೀಬೇಕು ಅನ್ಕೊಂಡಿದ್ವಿ. ಚಾನೂ ಬರಲಿಲ್ಲ, ನೀವು ಆ ಕಂಪ್ಯೂಟರ್ ಕಡೆ ನೋಡ್ಕೋತನ ಇದ್ರಿ. ಮಾತು ಹಂಗ ಉಳೀತು."

ಏನು ಮಾತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯ ವಿಷಯ. ಕಟ್ಟೆ ಮೇಲೆ ಕೂತು ಮಾತಾಡಿದೆವು, ಆಗಬೇಕಾದ್ದು ಆಯಿತು. ನೀರು ಕೊಡಲಿಲ್ಲ ಅನ್ನುವುದನ್ನು ಸೊಸೆ ಹತ್ತಿರ ಹೇಳಬಹುದು. ಇದನ್ನು ಯಾರ ಹತ್ತಿರ ಹೇಳುತ್ತಾರೆ?

ಆ ಮುಕ್ಕಾಲು ಗಂಟೆಯಲ್ಲಿ ನಾನು ಎರಡು ಮೀಟಿಂಗಿಗೆ ಉತ್ತರ ಟೈಪ್ ಮಾಡಿದ್ದೆ. ಅದನ್ನು ಮೊದಲ ಪೋಸ್ಟಲ್ಲಿ ಬರೆದಿರಲಿಲ್ಲ.

ಸಿಂಕ್‌ಪಕ್ಕ

ಅಮ್ಮ ಮಾತಾಡ್ತಿದ್ದಾರಾ ಈಗ?

ತಟ್ಟೆಇಡ್ಲಿ

ಬಾಗಲಕೋಟೆ ಸ್ಟೇಷನ್ನಿಂದಲೇ ಶುರು. ಹೊರಡುವಾಗ ಬೀಗತಿ ಖಡಕ್ ರೊಟ್ಟಿ ಕಟ್ಟಿಕೊಡಲು ಬಂದರು. ಅಮ್ಮ "ಅಯ್ಯೋ ಬೇಡ ಬೇಡ, ಅಷ್ಟು ದೂರ ಯಾರು ಹೊರ್ತಾರೆ" ಅಂತ ಒಂದೇ ಸಮ ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದಿದ್ದರು.

ಬಡಿಸುವವ

ಎಷ್ಟು ರೊಟ್ಟಿ?

ತಟ್ಟೆಇಡ್ಲಿ

ನಲವತ್ತು. ಹಿಂಡಿ ಬೇರೆ.